ಹೊಸ ಡಿಸ್ಟ್ರಿಬ್ಯೂಟರ್ ಸರಿಯಾಗಿ ಕೂತಿತು, ಇಂಜಿನ್ ಒಪ್ಪಲಿಲ್ಲ: ಒಂದು ಪ್ರಕರಣ

ಇದು ಒಂದೇ ಒಂದು ಇಂಜಿನ್‌ನ ಪ್ರಕರಣ. ಗಾಡಿ ಯಾವುದು, ಮಾಲೀಕರು ಯಾರು, ಬಿಡಿಭಾಗ ಯಾರ ತಯಾರಿಕೆ ಅನ್ನೋದನ್ನ ಬೇಕೆಂದೇ ಬಿಟ್ಟಿದ್ದೇನೆ. ಹಳೆಯ ಇಂಜಿನ್‌ಗೆ ಬೇರೆ ತಯಾರಕರ ಡಿಸ್ಟ್ರಿಬ್ಯೂಟರ್ (ಸರಿಯಾದ ಹೊತ್ತಿಗೆ ಒಂದೊಂದು ಪ್ಲಗ್‌ಗೂ ಕಿಡಿ ಹಂಚುವ ಭಾಗ) ಹಾಕುವವರಿಗೆಲ್ಲ ಇದೇ ತೊಂದರೆ ಎದುರಾಗಬಹುದು. ಹಾಗಾಗಿ ನಾವು ಎಲ್ಲಿ ಎಡವಿದೆವು, ಎಲ್ಲಿ ದಾರಿ ಸಿಕ್ಕಿತು ಅನ್ನೋದನ್ನ ನಡೆದ ಹಾಗೇ ಬರೆಯುತ್ತಿದ್ದೇನೆ.

ಹಿನ್ನೆಲೆ

ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಇಂಜಿನ್. ಕಬ್ಬಿಣದ ಬ್ಲಾಕ್, ಒಂದು ಕಾರ್ಬ್ಯುರೇಟರ್, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಕ್ರಮ) 1-3-4-2. ಡಿಸ್ಟ್ರಿಬ್ಯೂಟರ್ ಒಳಗೆ ಸಿಬಿ ಪಾಯಿಂಟ್ (ತೆರೆದಾಗ ಕಿಡಿ ಹಾರಿಸುವ ಸಣ್ಣ ಸ್ವಿಚ್) ಮತ್ತು ಕಂಡೆನ್ಸರ್, ಅದರ ಕೆಳಗೆ ಸ್ಪೀಡ್ ಏರಿದ ಹಾಗೆ ಕಿಡಿಯನ್ನು ಮೊದಲೇ ಹಾರಿಸುವ ಎರಡು ವೇಟ್ ಎರಡು ಸ್ಪ್ರಿಂಗ್, ಪಕ್ಕದಲ್ಲಿ ಇಂಜಿನ್‌ನ ಹೀರುವಿಕೆಯಿಂದ ಅದೇ ಕೆಲಸ ಮಾಡುವ ವ್ಯಾಕ್ಯೂಮ್ ಡಬ್ಬಿ. ಗಾಡಿ ಮಾಲೀಕರ ತಂದೆಯ ಕಾಲದ್ದು. ವಾರಕ್ಕೊಮ್ಮೆಯಾದರೂ ಓಡುತ್ತಿತ್ತು, ನಿಂತು ತುಕ್ಕು ಹಿಡಿದ ಗಾಡಿ ಅಲ್ಲ.

ಅವರು ನನ್ನ ಹತ್ತಿರ ಬರುವ ಹೊತ್ತಿಗೆ ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದಾಗಿತ್ತು. ಪ್ಲಗ್ ಹೊಸದು, ಪ್ಲಗ್‌ಗೆ ಕಿಡಿ ಒಯ್ಯುವ ಎಚ್‌ಟಿ ವೈರ್ ಹೊಸದು, ಕಾಯಿಲ್ ಕೂಡ ಹೊಸದು. ಸಿಬಿ ಪಾಯಿಂಟ್ ಅಂತೂ ಎರಡು ಮೂರು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಹೊಸ ಪಾಯಿಂಟ್ ಹಾಕಿದ ಮೇಲೆ ಒಂದೆರಡು ವಾರ ಪರವಾಗಿಲ್ಲ. ಆಮೇಲೆ ಮತ್ತೆ ಅದೇ ಕಥೆ. ಐಡ್ಲಿಂಗ್ ನಿಲ್ಲಲ್ಲ, ಪಿಕಪ್ ಇಲ್ಲ, ಮಧ್ಯೆ ಮಧ್ಯೆ ಮಿಸ್ಸಿಂಗ್.

ಮೊದಲ ದಿನ ಕಂಡದ್ದು

ನಾನು ಮೊದಲು ಟೈಮಿಂಗ್ ಲೈಟ್ ಹಿಡಿದೆ. ಕಿಡಿ ಹಾರಿದಾಗಲೆಲ್ಲ ಮಿನುಗಿ, ಟೈಮಿಂಗ್ ಅಂದರೆ ಕಿಡಿ ಹಾರುವ ಹೊತ್ತು ತೋರಿಸುವ ದೀಪ ಅದು. ಪುಲ್ಲಿಯ ಮೇಲಿನ ಗುರುತು ಒಂದು ಕಡೆ ನಿಲ್ಲಲೇ ಇಲ್ಲ. ಆರು ಡಿಗ್ರಿಯಷ್ಟು ಹಿಂದೆ ಮುಂದೆ ಕುಣಿಯುತ್ತಿತ್ತು. ಡ್ವೆಲ್ ಮೀಟರ್ ಹಾಕಿದರೆ ಐಡ್ಲಿಂಗ್‌ನಲ್ಲಿ 54 ಡಿಗ್ರಿ, ರೇಸ್ ಮಾಡಿದ ಕೂಡಲೇ 49. ಡ್ವೆಲ್ ಅಂದರೆ ಪಾಯಿಂಟ್ ಮುಚ್ಚಿಕೊಂಡಿರುವಷ್ಟು ಹೊತ್ತು ಶಾಫ್ಟ್ ತಿರುಗುವ ಕೋನ. ಇಂಜಿನ್ ಸ್ಪೀಡ್ ಏರಿದರೂ ಅದು ಹೆಚ್ಚುಕಡಿಮೆ ಅಷ್ಟೇ ಇರಬೇಕು. ಐದು ಡಿಗ್ರಿ ಜಾರುತ್ತಿದೆ ಅಂದರೆ ಶಾಫ್ಟ್ ತನ್ನ ಜಾಗದಲ್ಲಿ ನಿಂತು ತಿರುಗುತ್ತಿಲ್ಲ ಅಂತಲೇ ಅರ್ಥ.

ಕ್ಯಾಪ್ ತೆಗೆದು, ಪಾಯಿಂಟ್ ಪೂರ್ತಿ ತೆರೆದುಕೊಳ್ಳುವಲ್ಲಿ ಇಂಜಿನ್ ನಿಲ್ಲಿಸಿ, ಫೀಲರ್ ಗೇಜ್ ಇಟ್ಟು ಗ್ಯಾಪ್ ಅಳೆದೆ. 0.40 ಮಿ.ಮೀ. ಸರಿಯಾಗಿಯೇ ಇತ್ತು. ಗೇಜ್ ತೆಗೆದು, ಶಾಫ್ಟ್‌ನ ತುದಿಯನ್ನು ಹೆಬ್ಬೆರಳಲ್ಲಿ ಒಂದು ಪಕ್ಕಕ್ಕೆ ಒತ್ತಿ ಮತ್ತೆ ಅಳೆದೆ. 0.55. ಬಿಟ್ಟರೆ ಮತ್ತೆ 0.40. ಮಾಲೀಕರಿಗೂ ಒತ್ತಿ ನೋಡಲು ಹೇಳಿದೆ. ಅವರು ಎರಡು ಸಲ ಒತ್ತಿ, "ಅಯ್ಯೋ, ಇದು ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡುತ್ತಲ್ಲ" ಅಂದರು. ಇಷ್ಟು ದಿನ ಯಾರೂ ಅದನ್ನು ಬೆರಳಲ್ಲಿ ಮುಟ್ಟಿಯೇ ನೋಡಿರಲಿಲ್ಲ.

ಬುಷ್, ಅಂದರೆ ಶಾಫ್ಟ್ ಹಿಡಿದಿರುವ ಬಳೆ, ಸವೆದಿತ್ತು. ಪಾಯಿಂಟ್‌ನ ಗ್ಯಾಪ್ ಬದಲಾದರೆ ಅದು ತೆರೆಯುವ ಹೊತ್ತೂ ಬದಲಾಗುತ್ತದೆ, ಅಲ್ವಾ? ಡ್ವೆಲ್ ಒಂದು ಡಿಗ್ರಿ ಆಚೀಚೆ ಆದರೆ ಕ್ರ್ಯಾಂಕ್‌ನಲ್ಲಿ, ಅಂದರೆ ಇಂಜಿನ್‌ನ ಮುಖ್ಯ ಶಾಫ್ಟ್‌ನ ಲೆಕ್ಕದಲ್ಲಿ, ಕಿಡಿಯೂ ಸುಮಾರು ಒಂದು ಡಿಗ್ರಿ ಆಚೀಚೆ ಆಗುತ್ತದೆ. ಅಂದರೆ ಒಂದೊಂದು ಸಿಲಿಂಡರ್‌ಗೆ ಒಂದೊಂದು ಟೈಮಿಂಗ್. ಪಾಯಿಂಟ್ ಎಷ್ಟು ಬದಲಿಸಿದರೂ ಇದು ಹೋಗುವುದಿಲ್ಲ.

ಆ ದಿನ ಇನ್ನೊಂದು ಕೆಲಸ ಮಾಡಿದ್ದೆ. ವ್ಯಾಕ್ಯೂಮ್ ಪೈಪ್ ಕಿತ್ತು, ಅದರ ಬಾಯಿ ಮುಚ್ಚಿ, ಸ್ಪೀಡ್ ಏರಿಸುತ್ತಾ ಅಡ್ವಾನ್ಸ್ (ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲೇ ಕಿಡಿ ಹಾರುತ್ತದೆ ಅನ್ನೋದು) ಎಷ್ಟಕ್ಕೆ ಎಷ್ಟು ಬರುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡೆ. ಗುರುತು ಕುಣಿಯುತ್ತಿದ್ದರಿಂದ ಮಧ್ಯದ ಅಂದಾಜು ಅಷ್ಟೇ. ಐಡ್ಲಿಂಗ್‌ನಲ್ಲಿ 10 ಡಿಗ್ರಿ, 2000 ಆರ್‌ಪಿಎಂನಲ್ಲಿ 21ರ ಆಸುಪಾಸು, 3500ರಲ್ಲಿ 32. ಅಲ್ಲಿಂದ ಮುಂದೆ ಏರಲಿಲ್ಲ. ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಂಕಿಗಳಿಗೂ ಇದಕ್ಕೂ ಹೊಂದಿಕೆಯಾಯಿತು. ಆ ಚೀಟಿ ಆಮೇಲೆ ಇಡೀ ಕೆಲಸವನ್ನೇ ಉಳಿಸಿತು.

ರಿಪೇರಿಯೋ ಹೊಸದೋ

ಎರಡು ದಾರಿ ಇತ್ತು. ಒಂದು, ಲೇತ್‌ನಲ್ಲಿ ಕಂಚಿನ ಬುಷ್ ಕಡೆಸಿ, ಒತ್ತಿ ಕೂರಿಸಿ, ಶಾಫ್ಟ್‌ಗೆ ಅಳತೆಯಾಗಿ ರೀಮ್ ಮಾಡೋದು. ಇನ್ನೊಂದು, ಮಾರ್ಕೆಟ್‌ನಲ್ಲಿ ಸಿಗುವ ಹೊಸ ಡಿಸ್ಟ್ರಿಬ್ಯೂಟರ್ ತಂದು ಹಾಕೋದು. ಹೊಸದರಲ್ಲಿ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಸೆನ್ಸರ್ ಇರುತ್ತದೆ. ಸವೆಯುವ ಪಾಯಿಂಟ್ ಇಲ್ಲ, ಗ್ಯಾಪ್ ಹೊಂದಿಸುವ ಕೆಲಸ ಇಲ್ಲ.

ನನ್ನ ಮನಸ್ಸು ರಿಪೇರಿಯ ಕಡೆ ಇತ್ತು. ಆದರೆ ಮಾಲೀಕರಿಗೆ ಗಾಡಿ ಬೇಗ ಬೇಕಿತ್ತು, ಪಾಯಿಂಟ್‌ನ ಕಾಟವೂ ಸಾಕಾಗಿತ್ತು. ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ. ಹೊಸದೇ ಆಗಲಿ ಅಂದೆ. ಒಂದೇ ಒಂದು ಮಾತು ಕೇಳಿಕೊಂಡೆ: ಹಳೆಯದನ್ನು ಗುಜರಿಗೆ ಹಾಕಬೇಡಿ, ಬಿಚ್ಚಬೇಡಿ, ಹಾಗೇ ಇಟ್ಟಿರಿ.

ಕೂರಿಸುವಾಗ ಆದದ್ದು

ಹೊಸದು ಬಂದ ದಿನ ನಾನು ಊರಲ್ಲಿರಲಿಲ್ಲ. ಮಾಲೀಕರೇ ಹಳೆಯದನ್ನು ಎಳೆದು ತೆಗೆದಿದ್ದರು. ರೋಟರ್ (ಒಳಗೆ ತಿರುಗುತ್ತಾ ಕಿಡಿ ಹಂಚುವ ತುಂಡು) ಯಾವ ಕಡೆ ಮುಖ ಮಾಡಿತ್ತು ಅಂತ ಗುರುತು ಹಾಕಿದ್ದರು, ಒಳ್ಳೆಯ ಕೆಲಸ. ಆದರೆ ಮಧ್ಯೆ ಯಾರೋ ಕೀ ತಿರುಗಿಸಿ ಇಂಜಿನ್ ಒಂದಿಷ್ಟು ಸುತ್ತು ಹೊಡೆಸಿಬಿಟ್ಟಿದ್ದರು. ಅಲ್ಲಿಗೆ ಆ ಗುರುತಿಗೆ ಬೆಲೆ ಇರಲಿಲ್ಲ.

ನಾನು ಬಂದ ಮೇಲೆ ಮೊದಲಿಂದ ಶುರು ಮಾಡಿದೆವು. ಒಂದನೇ ಸಿಲಿಂಡರ್‌ನ ಪ್ಲಗ್ ತೆಗೆದು, ತೂತಿನ ಮೇಲೆ ಹೆಬ್ಬೆರಳು ಇಟ್ಟು, ಇಂಜಿನ್ ಕೈಯಲ್ಲಿ ತಿರುಗಿಸಿದೆವು. ಗಾಳಿ ಬೆರಳನ್ನು ಹೊರಗೆ ತಳ್ಳಿತು ಅಂದರೆ ಅದು ಕಂಪ್ರೆಷನ್. ಅಲ್ಲಿಂದ ಪುಲ್ಲಿಯ ಗುರುತು ಟಿಡಿಸಿಗೆ, ಅಂದರೆ ಪಿಸ್ಟನ್ ತೀರಾ ಮೇಲೆ ಇರುವ ಜಾಗಕ್ಕೆ, ಬರುವವರೆಗೆ ನಿಧಾನ ತಂದೆವು. ಇದನ್ನು ಬಿಟ್ಟು ಬರೀ ಪುಲ್ಲಿಯ ಗುರುತು ನೋಡಿ ಹಾಕುವವರು ಅರ್ಧಕ್ಕರ್ಧ ಸಲ ತಪ್ಪುತ್ತಾರೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು. ಪುಲ್ಲಿಯ ಗುರುತು ಎಕ್ಸಾಸ್ಟ್‌ನ ಕೊನೆಯಲ್ಲೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಇನ್ನು ಡಿಸ್ಟ್ರಿಬ್ಯೂಟರ್ ಇಳಿಸೋದು. ಗೇರ್‌ನ ಹಲ್ಲು ಓರೆ. ಇಳಿಸುತ್ತಿದ್ದ ಹಾಗೇ ರೋಟರ್ ಒಂದು ಹಲ್ಲಿನಷ್ಟು ತಿರುಗಿಕೊಳ್ಳುತ್ತದೆ. ಅದಕ್ಕೇ ಅಷ್ಟು ಹಿಂದಿನಿಂದ ಹಿಡಿದು ಇಳಿಸಬೇಕು. ಮೂರನೇ ಸಲಕ್ಕೆ ರೋಟರ್ ಒಂದನೇ ಪ್ಲಗ್‌ನ ಟರ್ಮಿನಲ್‌ಗೆ ಸರಿಯಾಗಿ ಬಂತು. ಆದರೆ ಬಾಡಿ ಬ್ಲಾಕ್‌ಗೆ ಕೂತಿರಲಿಲ್ಲ. ಐದಾರು ಮಿ.ಮೀ. ಎತ್ತರದಲ್ಲೇ ನಿಂತಿತ್ತು.

"ಕ್ಲಾಂಪ್ ಬೋಲ್ಟ್ ಟೈಟ್ ಮಾಡಿದರೆ ಇಳಿಯುತ್ತೆ ಬಿಡಿ" ಅಂತ ಮಾಲೀಕರು ಸ್ಪ್ಯಾನರ್ ಎತ್ತಿಕೊಂಡರು. ನಾನು ಕೈ ಹಿಡಿದೆ. ಈ ಇಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಕೆಳತುದಿಯೇ ಆಯಿಲ್ ಪಂಪ್ ತಿರುಗಿಸುತ್ತದೆ. ತುದಿಯ ನಾಲಿಗೆ ಪಂಪ್‌ನ ಕಚ್ಚಿಗೆ ಕೂತಿಲ್ಲ ಅಂದರೆ ಬಾಡಿ ಮೇಲೆಯೇ ನಿಲ್ಲುತ್ತದೆ. ಹಾಗೇ ಬೋಲ್ಟ್ ಬಿಗಿದರೆ ಏನಾದರೂ ಒಂದು ಮುರಿಯುತ್ತದೆ. ಆಯಿಲ್ ಪಂಪ್ ತಿರುಗದಿದ್ದರೆ ಬೇರಿಂಗ್‌ಗಳು ಕೆಲವೇ ನಿಮಿಷದಲ್ಲಿ ಹೋಗುತ್ತವೆ. ಅದು ಡಿಸ್ಟ್ರಿಬ್ಯೂಟರ್‌ನ ನಷ್ಟವಲ್ಲ, ಇಡೀ ಇಂಜಿನ್‌ನ ನಷ್ಟ.

ಡಿಸ್ಟ್ರಿಬ್ಯೂಟರ್ ಮತ್ತೆ ಹೊರಗೆ ತೆಗೆದು, ಟಾರ್ಚ್ ಬಿಟ್ಟು ನೋಡಿದೆವು. ಕೆಳಗೆ ಎಣ್ಣೆಯಲ್ಲಿ ಹೊಳೆಯುವ ಕಚ್ಚು ಕಂಡಿತು. ಉದ್ದನೆಯ ಚಪ್ಪಟೆ ಸ್ಕ್ರೂ ಡ್ರೈವರ್ ಇಳಿಸಿ, ಕಚ್ಚನ್ನು ಸ್ವಲ್ಪವೇ ತಿರುಗಿಸಿ, ಮತ್ತೆ ಇಳಿಸಿದೆವು. ಈ ಸಲ ಒಂದು ಮೆತ್ತನೆ ಸದ್ದು ಮಾಡಿ ಪೂರ್ತಿ ಕೂತಿತು. ಬೆರಳಲ್ಲಿ ಒತ್ತಿದರೆ ಸಾಕಾಯಿತು, ಬೋಲ್ಟ್‌ನ ಬಲ ಬೇಕಾಗಲೇ ಇಲ್ಲ.

ವೈರಿಂಗ್‌ನಲ್ಲಿ ಒಂದು ಬದಲಾವಣೆ. ಹಳೆಯ ಕಾಯಿಲ್‌ಗೆ ಕರೆಂಟ್ ಬ್ಯಾಲಸ್ಟ್ ರೆಸಿಸ್ಟರ್ ದಾಟಿ ಬರುತ್ತಿತ್ತು. ಹೊಸ ಸೆನ್ಸರ್‌ನ ಕೆಂಪು ವೈರ್ ಅಲ್ಲಿಗೇ ಕೊಟ್ಟರೆ ಅದಕ್ಕೆ ಪೂರ್ತಿ 12 ವೋಲ್ಟ್ ಸಿಗುವುದಿಲ್ಲ. ಅದನ್ನು ರೆಸಿಸ್ಟರ್‌ಗೆ ಮೊದಲೇ, ಸ್ವಿಚ್ ಕಡೆಯಿಂದ ತೆಗೆದುಕೊಂಡೆವು.

ಮೊದಲ ಸೆಲ್ಫ್‌ಗೇ ಇಂಜಿನ್ ಹತ್ತಿತು. ಟೈಮಿಂಗ್ 10 ಡಿಗ್ರಿಗೆ ಹೊಂದಿಸಿದೆ. ಗುರುತು ಕಲ್ಲಿನ ಹಾಗೆ ನಿಂತಿತ್ತು. ಐಡ್ಲಿಂಗ್ ಎಷ್ಟು ನಯವಾಗಿತ್ತು ಅಂದರೆ ಮಾಲೀಕರು ರೇಡಿಯೇಟರ್ ಮೇಲೆ ಕೈ ಇಟ್ಟು ಸುಮ್ನೆ ನಿಂತುಬಿಟ್ಟರು. ಕೆಲಸ ಮುಗೀತು ಅಂದುಕೊಂಡೆವು. ನಾನು ಟೈಮಿಂಗ್ ಲೈಟ್ ಮಡಚಿಟ್ಟೆ. ಅಲ್ಲೇ ನಾನು ತಪ್ಪಿದ್ದು. ಐಡ್ಲಿಂಗ್‌ನಲ್ಲಿ ನೋಡಿದ್ದನ್ನು 3000 ಆರ್‌ಪಿಎಂನಲ್ಲೂ ನೋಡಬೇಕಿತ್ತು.

ಏರುದಾರಿಯ ಸದ್ದು

ಎರಡು ದಿನಕ್ಕೆ ಫೋನ್ ಬಂತು. ಸಮತಟ್ಟಿನಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ನಾಕಿಂಗ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಹದ ತಪ್ಪಿ ಸಿಡಿಯುವ ಸದ್ದು.

ಯಾರೋ ಟೈಮಿಂಗ್ ಸ್ವಲ್ಪ ಹಿಂದಕ್ಕೆ ತಿರುಗಿಸಲು ಹೇಳಿದರಂತೆ. ಮಾಲೀಕರು 6 ಡಿಗ್ರಿಗೆ ತಂದರು. ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ. 2 ಡಿಗ್ರಿಗೆ ತಂದರು. ಸದ್ದು ಬಹುಪಾಲು ನಿಂತಿತು. ಆದರೆ ಇಂಜಿನ್‌ಗೆ ಜೀವವೇ ಇಲ್ಲದ ಹಾಗಾಯಿತು. ಹೊರಡುವಾಗ ಎಳೆಯುತ್ತಿರಲಿಲ್ಲ, ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳು ಏರುತ್ತಿತ್ತು. ಹೀಗೇ ಎರಡು ವಾರ ಓಡಿಸಿದರು. ಗಾಡಿಯನ್ನು ಅಷ್ಟು ಪ್ರೀತಿಸುವವರು ಹಳೆಯ ಗಾಡಿ ಇಷ್ಟೇ ಬಿಡಿ ಅಂತ ಒಪ್ಪಿಕೊಂಡುಬಿಟ್ಟಿದ್ದರು. ಅದನ್ನು ಕೇಳಿ ನನಗೆ ಬೇಸರವಾಯಿತು. ನಾಕಿಂಗ್‌ಗೆ ಟೈಮಿಂಗ್ ಹಿಂದಕ್ಕೆ ತಿರುಗಿಸೋದು ತಕ್ಷಣ ಕೈಗೆ ಸಿಗುವ ಉಪಾಯ, ನಿಜ. ಆದರೆ ಬಾಡಿ ತಿರುಗಿಸಿದರೆ ಐಡ್ಲಿಂಗ್‌ನಿಂದ ಹಿಡಿದು ಪೂರ್ತಿ ಸ್ಪೀಡ್‌ವರೆಗೆ ಎಲ್ಲವೂ ಒಟ್ಟಿಗೆ ಹಿಂದೆ ಹೋಗುತ್ತದೆ. ತೊಂದರೆ ಇರೋದು ಮಧ್ಯದಲ್ಲಿ ಮಾತ್ರ ಆದರೆ?

ಚೀಟಿ ಮತ್ತು ಟೇಪ್

ಈ ಸಲ ಅಳೆಯದೆ ಏನನ್ನೂ ಮುಟ್ಟಬಾರದು ಅಂತ ನಿರ್ಧರಿಸಿದೆವು. ಮೊದಲು ಪುಲ್ಲಿಯ ಗುರುತೇ ನಿಜ ಹೇಳುತ್ತಿದೆಯಾ ನೋಡಬೇಕಿತ್ತು. ಪ್ಲಗ್ ತೂತಿಗೆ ಪಿಸ್ಟನ್ ತಡೆಯುವ ಸ್ಟಾಪ್ ತಿರುಗಿಸಿ, ಇಂಜಿನ್ ಕೈಯಲ್ಲಿ ಎರಡೂ ದಿಕ್ಕಿಗೆ ನಿಧಾನ ತಿರುಗಿಸಿ, ಪಿಸ್ಟನ್ ತಾಗಿ ನಿಂತ ಎರಡೂ ಜಾಗ ಗುರುತಿಸಿದೆವು. ಎರಡರ ನಟ್ಟನಡುವೆ ನಿಜವಾದ ಟಿಡಿಸಿ. ಪುಲ್ಲಿಯ ಗುರುತು ಒಂದು ಡಿಗ್ರಿಯೊಳಗೇ ಸರಿಯಾಗಿತ್ತು. ಆ ಅನುಮಾನ ಕಳೆಯಿತು.

ನನ್ನ ಟೈಮಿಂಗ್ ಲೈಟ್‌ನಲ್ಲಿ ಡಿಗ್ರಿ ತಿರುಗಿಸುವ ಡಯಲ್ ಇಲ್ಲ. ಅದಕ್ಕೆ ಪುಲ್ಲಿಗೇ ಟೇಪ್ ಹಚ್ಚಿದೆವು. ಪುಲ್ಲಿಯ ವ್ಯಾಸ 140 ಮಿ.ಮೀ., ಸುತ್ತಳತೆ ಸುಮಾರು 440. ಒಂದು ಡಿಗ್ರಿಗೆ 1.22 ಮಿ.ಮೀ. ಅಂದರೆ 10 ಡಿಗ್ರಿ 12 ಮಿ.ಮೀ.ಗೆ, 32 ಡಿಗ್ರಿ 39 ಮಿ.ಮೀ.ಗೆ, 40 ಡಿಗ್ರಿ 49 ಮಿ.ಮೀ.ಗೆ ಬರುತ್ತದೆ. ಬಿಳಿ ಟೇಪ್ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಟಿಡಿಸಿಯಿಂದ ಸರಿಯಾಗಿ ಅಂಟಿಸಿದೆವು.

ಟೈಮಿಂಗ್ ಮತ್ತೆ 10ಕ್ಕೆ ತಂದು, ವ್ಯಾಕ್ಯೂಮ್ ಪೈಪ್ ಕಿತ್ತು ಮುಚ್ಚಿ, ಸ್ಪೀಡ್ ಏರಿಸಿದೆ. ಮಾಲೀಕರು ಪಕ್ಕದಲ್ಲಿ ಚೀಟಿ ಹಿಡಿದು ನಿಂತಿದ್ದರು. 1000 ಆರ್‌ಪಿಎಂಗೇ 13. 1500ಕ್ಕೆ 26. 2000ಕ್ಕೆ 36. 2200 ಮುಟ್ಟುವ ಹೊತ್ತಿಗೆ ಗುರುತು 40ರ ಗೆರೆಗೆ ಹೋಗಿ ನಿಂತಿತು. ಹಳೆಯ ಚೀಟಿಯಲ್ಲಿ 2000ಕ್ಕೆ ಇದ್ದದ್ದು 21.

ಇಬ್ಬರಿಗೂ ಒಂದು ಕ್ಷಣ ಮಾತೇ ಹೊರಡಲಿಲ್ಲ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಇಂಜಿನ್ ಇರುವುದೇ 2000ದ ಆಸುಪಾಸಿನಲ್ಲಿ. ಅಲ್ಲಿ ಇಂಜಿನ್‌ಗೆ ಬೇಕಾದದ್ದಕ್ಕಿಂತ 15 ಡಿಗ್ರಿ ಮೊದಲೇ ಕಿಡಿ ಹಾರುತ್ತಿತ್ತು. ಟೈಮಿಂಗ್ 2ಕ್ಕೆ ಇಳಿಸಿದಾಗಲೂ ಅಲ್ಲಿ ಹೆಚ್ಚೇ ಇತ್ತು. ಐಡ್ಲಿಂಗ್‌ನಲ್ಲಿ ಮಾತ್ರ ಬೇಕಾದಷ್ಟೂ ಇರಲಿಲ್ಲ. ಎರಡೂ ಕಡೆ ನಷ್ಟ.

ಎರಡು ಡಿಸ್ಟ್ರಿಬ್ಯೂಟರ್ ಪಕ್ಕಪಕ್ಕ ಇಟ್ಟು

ಹಳೆಯದನ್ನು ತರಿಸಿ, ಬಟ್ಟೆ ಹಾಸಿ, ಎರಡನ್ನೂ ಬಿಚ್ಚಿದೆವು. ಹಳೆಯದರ ಅಡ್ವಾನ್ಸ್ ಪ್ಲೇಟ್ ಮೇಲೆ ಸಣ್ಣದಾಗಿ 11 ಅಂತ ಪಂಚ್ ಮಾಡಿತ್ತು. ಎಣ್ಣೆ ಒರೆಸಿದ ಮೇಲೆ ಕಂಡದ್ದು. ಅದು ಡಿಸ್ಟ್ರಿಬ್ಯೂಟರ್‌ನ ಡಿಗ್ರಿ. ಕ್ರ್ಯಾಂಕ್‌ನಲ್ಲಿ ಅದರ ಎರಡರಷ್ಟು, 22. ಐಡ್ಲಿಂಗ್‌ನ 10 ಸೇರಿದರೆ 32. ಚೀಟಿಯ ಲೆಕ್ಕವೂ ಅದೇ. ಹೊಸದರಲ್ಲಿ ಅಳೆದರೆ 15, ಅಂದರೆ ಕ್ರ್ಯಾಂಕ್‌ನಲ್ಲಿ 30.

ಸ್ಪ್ರಿಂಗ್‌ಗಳಂತೂ ಇನ್ನೂ ಬೇರೆ. ಹಳೆಯದರಲ್ಲಿ ಒಂದು ತೆಳು, ಒಂದು ದಪ್ಪ. ದಪ್ಪದರ ಕೊಂಡಿ ಉದ್ದವಾಗಿ, ಪಿನ್ನಿನಲ್ಲಿ ಸಡಿಲವಾಗಿತ್ತು. ಸವೆದು ಹಾಗಾಗಿದೆ ಅಂತ ಮಾಲೀಕರು ಅಂದುಕೊಂಡರು. ಅಲ್ಲ, ಅದು ಬೇಕೆಂದೇ ಹಾಗೆ ಮಾಡಿದ್ದು. ಮೊದಲು ತೆಳು ಸ್ಪ್ರಿಂಗ್ ಒಂದೇ ಎಳೆಯುತ್ತದೆ, ಅಡ್ವಾನ್ಸ್ ಬೇಗ ಏರುತ್ತದೆ. ವೇಟ್‌ಗಳು ಒಂದಿಷ್ಟು ಹೊರಗೆ ಬಂದ ಮೇಲೆ ದಪ್ಪ ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ, ಏರಿಕೆ ನಿಧಾನವಾಗುತ್ತದೆ. ಹೊಸದರಲ್ಲಿ ಎರಡೂ ತೆಳು. ಅದನ್ನು ಯಾವುದೋ ಹಗುರ ಗಾಡಿಗೋ, ಬೇರೆ ಕಂಪ್ರೆಷನ್‌ನ ಇಂಜಿನ್‌ಗೋ ಲೆಕ್ಕ ಹಾಕಿ ಮಾಡಿರಬಹುದು. ಕೆಟ್ಟ ವಸ್ತು ಅಂತ ನಾನು ಹೇಳಲ್ಲ. ಬುಷ್ ಚೆನ್ನಾಗಿತ್ತು, ಶಾಫ್ಟ್ ನೇರ ಇತ್ತು. ಈ ಇಂಜಿನ್‌ಗೆ ಅದರ ಲೆಕ್ಕ ಹೊಂದಲಿಲ್ಲ, ಅಷ್ಟೇ.

ಹಳೆಯ ಪ್ಲೇಟ್ ಮತ್ತು ವೇಟ್‌ಗಳನ್ನೇ ಹೊಸದಕ್ಕೆ ಹಾಕೋಣವಾ ಅಂತ ನೋಡಿದೆವು. ಪಿನ್‌ಗಳ ಅಂತರ ಬೇರೆ, ಕೂರಲಿಲ್ಲ. ಬಲವಂತ ಮಾಡಲಿಲ್ಲ. ಬದಲಿಗೆ ವೇಟ್‌ಗಳ ಓಟ ನಿಲ್ಲಿಸುವ ಸ್ಟಾಪ್ ಪಿನ್‌ಗೆ ಹಿತ್ತಾಳೆಯ ಒಂದು ಸಣ್ಣ ಸ್ಲೀವ್ (ಪಿನ್ ಸುತ್ತ ಕೂರುವ ಕೊಳವೆ) ಕಡೆಸಿ ಹಾಕಿದೆವು. ಮೊದಲನೆಯದು ಜಾಸ್ತಿ ದಪ್ಪವಾಯಿತು, ಕ್ರ್ಯಾಂಕ್‌ನಲ್ಲಿ 19 ಡಿಗ್ರಿಗೇ ನಿಂತಿತು. ಅದನ್ನು ಅರದಲ್ಲಿ ಸ್ವಲ್ಪ ಸ್ವಲ್ಪ ಉಜ್ಜುತ್ತಾ, ಹಾಕಿ ಅಳೆಯುತ್ತಾ, 23ಕ್ಕೆ ತಂದೆವು. ಒಂದು ತೆಳು ಸ್ಪ್ರಿಂಗ್ ಉಳಿಸಿ, ಇನ್ನೊಂದರ ಜಾಗಕ್ಕೆ ದಪ್ಪನೆಯದು ಹಾಕಿದೆವು. ನಾಲ್ಕು ಸಲ ಬದಲಿಸಬೇಕಾಯಿತು. ಪ್ರತಿ ಸಲವೂ ಕ್ಯಾಪ್ ತೆಗಿ, ಪ್ಲೇಟ್ ಬಿಚ್ಚು, ಹಾಕು, ಸ್ಪೀಡ್ ಏರಿಸು, ಬರೆ. ಒಂದು ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಯಿತು. ಕೊನೆಯ ಸಾಲು ಹೀಗಿತ್ತು: 1000ಕ್ಕೆ 10, 1500ಕ್ಕೆ 16, 2000ಕ್ಕೆ 22, 2500ಕ್ಕೆ 26, 3000ಕ್ಕೆ 30, 3500ಕ್ಕೆ 33.

ಅದೇ ಏರು, ಅದೇ ಮೂರನೇ ಗೇರ್. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗೋಲಿಯ ಸದ್ದಿಲ್ಲ.

ಇನ್ನೊಂದು ಉಳಿದಿತ್ತು

ವಾಪಸ್ ಬರುವಾಗ ಸಮತಟ್ಟಿನಲ್ಲಿ, ಕಾಲು ಹಗುರವಾಗಿ ಇಟ್ಟು ಒಂದೇ ಸ್ಪೀಡ್‌ನಲ್ಲಿ ಹೋಗುವಾಗ, ಗಾಡಿ ಆಗಾಗ ಜಗ್ಗಿತು. ಆಕ್ಸಿಲರೇಟರ್ ಒತ್ತಿದರೆ ಇಲ್ಲ, ಕಾಲು ಸಡಿಲಿಸಿದರೆ ಮತ್ತೆ. ಇದೇ ಸುಳಿವು. ಥ್ರಾಟಲ್ ಸ್ವಲ್ಪವೇ ತೆರೆದಿರುವಾಗ ವ್ಯಾಕ್ಯೂಮ್ ಜಾಸ್ತಿ, ಡಬ್ಬಿ ಸೆನ್ಸರ್ ಕೂತ ಪ್ಲೇಟನ್ನು ಎಳೆಯುತ್ತದೆ. ಪೂರ್ತಿ ಒತ್ತಿದರೆ ವ್ಯಾಕ್ಯೂಮ್ ಬೀಳುತ್ತದೆ, ಪ್ಲೇಟ್ ವಾಪಸ್ ಬರುತ್ತದೆ. ದಾರಿಯಲ್ಲೇ ನಿಲ್ಲಿಸಿ ಪೈಪ್ ಕಿತ್ತು ಮುಚ್ಚಿದೆವು. ಜಗ್ಗೋದು ನಿಂತಿತು.

ಮನೆಗೆ ಬಂದು ಕ್ಯಾಪ್ ತೆಗೆದು, ಪೈಪ್‌ನ ತುದಿ ಬಾಯಲ್ಲಿಟ್ಟು ಹೀರಿದೆ. ಪ್ಲೇಟ್ ಮೆಲ್ಲಗೆ ತಿರುಗಿತು. ಅದರ ಜೊತೆ ಸೆನ್ಸರ್‌ನ ವೈರ್ ತಂತಿಯ ಹಾಗೆ ಬಿಗಿಯಾಯಿತು. ಬಾಡಿಯ ಅಂಚಿಗೆ ತಾಗುವ ಕಡೆ ಅದರ ಪ್ಲಾಸ್ಟಿಕ್ ಕೆರೆದು, ಒಳಗಿನ ತಾಮ್ರ ಉಗುರಿನಷ್ಟು ಉದ್ದ ಕಾಣುತ್ತಿತ್ತು. ಪ್ಲೇಟ್ ತಿರುಗಿದಾಗಲೆಲ್ಲ ಅದು ಬಾಡಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಪಿನ್‌ಗೆ ಸ್ಲೀವ್ ಹಾಕುವಾಗ ಪ್ಲೇಟ್ ಅಷ್ಟು ಸಲ ಬಿಚ್ಚಿ ಹಾಕಿದವನು ನಾನೇ. ವೈರ್‌ಗೆ ಸಡಿಲ ಬಿಡದೆ ಕ್ಲಿಪ್ ಒತ್ತಿದ್ದೆ. ವೈರ್‌ನ ಆ ತುಂಡು ಬದಲಿಸಿ, ಅದರ ಮೇಲೆ ಸ್ಲೀವ್ ಹಾಕಿ, ಪ್ಲೇಟ್ ಪೂರ್ತಿ ತಿರುಗಿದರೂ ಬಿಗಿಯದಷ್ಟು ಸಡಿಲ ಬಿಟ್ಟೆವು. ಎಂಜಿನ್ ಸ್ಟಾರ್ಟ್ ಮಾಡಿ ಹೀರಿ ಬಿಟ್ಟು, ಹೀರಿ ಬಿಟ್ಟು ನೋಡಿದೆ. ಒಂದು ಸಲವೂ ಮಿಸ್ ಆಗಲಿಲ್ಲ.

ಈ ಪ್ರಕರಣದಿಂದ ನನ್ನ ಕೆಲಸದಲ್ಲಿ ಬದಲಾದದ್ದು

ಹಳೆಯ ಡಿಸ್ಟ್ರಿಬ್ಯೂಟರ್ ಎಷ್ಟೇ ಸವೆದಿರಲಿ, ಅದು ಇಂಜಿನ್‌ನಲ್ಲಿ ಇರುವಾಗಲೇ ಅಡ್ವಾನ್ಸ್‌ನ ಅಂಕಿಗಳನ್ನು ಬರೆದುಕೊಳ್ಳುತ್ತೇನೆ. ತೆಗೆದ ಮೇಲೆ ಆ ಅಂಕಿಗಳು ಸಿಗುವುದಿಲ್ಲ. ಮ್ಯಾನ್ಯುಯಲ್ ಇಲ್ಲದ ಗಾಡಿಗಳಲ್ಲಿ ಇದೊಂದೇ ಆಧಾರ. ಮೊದಲ ದಿನ ನಾನು ಅದನ್ನು ಬರೆದದ್ದು ಅಭ್ಯಾಸಬಲದಿಂದ. ಈಗ ಅದಿಲ್ಲದೆ ಬೋಲ್ಟ್ ಸಡಿಲಿಸಲ್ಲ.

ಹೊಸದು ಕೂರಿಸಿದ ಮೇಲೆ ಐಡ್ಲಿಂಗ್ ಟೈಮಿಂಗ್ ಜೊತೆಗೆ ಪೂರ್ತಿ ಅಡ್ವಾನ್ಸ್ ಕೂಡ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ಇಲ್ಲಿ ಆ ಹತ್ತು ನಿಮಿಷ ಬಿಟ್ಟದ್ದಕ್ಕೆ ಇಂಜಿನ್ ಎರಡು ವಾರ ನಾಕಿಂಗ್ ಮತ್ತು ಬಿಸಿ ಎರಡನ್ನೂ ತಿಂದಿತು. ಪಿಸ್ಟನ್‌ಗೆ ಏನೂ ಆಗಲಿಲ್ಲ ಅನ್ನೋದು ಅದೃಷ್ಟ. ತೆಳು ಸ್ಪ್ರಿಂಗ್ ಇದ್ದರೆ ಐಡ್ಲಿಂಗ್‌ನಲ್ಲೇ ಅಡ್ವಾನ್ಸ್ ಶುರುವಾಗಿರಬಹುದು ಅನ್ನೋದೂ ನೆನಪಿರಲಿ. ಆಗ ಹೊಂದಿಸಿದ 10 ನಿಜವಾದ 10 ಅಲ್ಲ. ಐಡ್ಲಿಂಗ್ ಆದಷ್ಟು ಇಳಿಸಿ ನೋಡಿದರೆ ಗೊತ್ತಾಗುತ್ತದೆ.

ಗೇರ್ ಬಗ್ಗೆಯೂ ಒಂದು ಮಾತು. ಹೊಸ ಡಿಸ್ಟ್ರಿಬ್ಯೂಟರ್‌ನ ಗೇರ್ ಯಾವ ಲೋಹದ್ದು, ಕ್ಯಾಮ್‌ಶಾಫ್ಟ್‌ಗೆ ಅದು ಹೊಂದುತ್ತಾ ಅಂತ ನೋಡಬೇಕು. ಹೊಂದದಿದ್ದರೆ ಎರಡರಲ್ಲಿ ಒಂದು ಬೇಗ ಸವೆಯುತ್ತದೆ, ಆ ಪುಡಿ ಆಯಿಲ್‌ಗೇ ಸೇರುತ್ತದೆ. ಈ ಗಾಡಿ 1000 ಕಿ.ಮೀ. ಓಡಿದ ಮೇಲೆ ಡಿಸ್ಟ್ರಿಬ್ಯೂಟರ್ ಎತ್ತಿ ಗೇರ್ ನೋಡಿದೆವು. ಹಲ್ಲಿನ ಮೇಲೆ ಒಂದೇ ಸಮನಾದ ಹೊಳಪು, ಅಂಚು ಚೂಪಾಗಿರಲಿಲ್ಲ. ಅಂದೇ ಮತ್ತೆ ಟೈಮಿಂಗ್ ಲೈಟ್ ಹಿಡಿದೆ. ಅಂಕಿಗಳು ಅವೇ, ಟೆಂಪರೇಚರ್ ಮುಳ್ಳೂ ತನ್ನ ಜಾಗದಲ್ಲೇ ನಿಂತಿತ್ತು.

ಹಳೆಯ ಡಿಸ್ಟ್ರಿಬ್ಯೂಟರ್‌ಗೆ ಮಾಲೀಕರು ಆಮೇಲೆ ಕಂಚಿನ ಬುಷ್ ಹಾಕಿಸಿದರು. ಈಗ ಶಾಫ್ಟ್ ಒತ್ತಿದರೆ ಅಲ್ಲಾಡಲ್ಲ. ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಡಿಕ್ಕಿಯಲ್ಲಿ ಸ್ಪೇರ್ ಆಗಿ ಇಟ್ಟುಕೊಂಡಿದ್ದಾರೆ. ಕಾಗದದ ಮೇಲೆ ಅವರೇ ಕೈಯಾರೆ ಬರೆದಿದ್ದಾರೆ: 10, 21, 32.